ಅವ್ನೇರ್ ಬೀದಿಯ ಫಲಕ

ಬೀದಿ ನಾಮಕರಣ ಸಮಿತಿಯ ಅಧ್ಯಕ್ಷರಿಗೆ, ತ್ಸಿಪೋರಾ ರೋಟ್‌ಮನ್ ಮಾಡುವ ವಿನಂತಿ.

ನಮ್ಮ ಬೀದಿಗೆ ನನ್ನ ದಿವಂಗತ ಗಂಡನ ಹೆಸರಿಟ್ಟಿರಿ, ಸಂತೋಷ. ಆದರೆ ಫೈವಲ್ ಎಂಬ ಸ್ವಂತ ಹೆಸರು ಬಿಟ್ಟು, ಬ್ರಿಟಿಷರ ಕಾಲದ ನಮ್ಮ ಯಹೂದಿ ಭೂಗತ ದಳ ಕೊಟ್ಟಿದ್ದ ಅವ್ನೇರ್ ಎಂಬ ಗುಪ್ತನಾಮ ಬರೆಸಿದಿರಿ. ಆ ಹೆಸರನ್ನು ಅವರು ಹೊರಗಿನವರಲ್ಲಿ ಒಬ್ಬನಿಗೇ ಹೇಳಿದ್ದು, ಅದೂ ಬಾಯಿತಪ್ಪಿ. ಸಂತೆಯಲ್ಲಿ ನಿಂಬೆಹಣ್ಣು ಮಾರುತ್ತಿದ್ದ ಅರಬ್ ಮುದುಕನಿಗೆ.

"ಅಜ್ಜ, ಈ ಹಾಲಿನ ಡಬ್ಬಿ ನೋಡ್ಕೊಂಡಿರಿ, ಈಗ ಬಂದೆ."

"ಆಗ್ಲಿ. ಹೆಸರೇನು ಮಗಾ?"

"ಅವ್ನೇರ್."

ಡಬ್ಬಿಯಲ್ಲಿ ಬಾಂಬಿತ್ತು. ಅಜ್ಜ ಉಳಿಯಲಿಲ್ಲ.

ಫಲಕ ಹಾಕಿದಾಗಿನಿಂದ ಪ್ರತಿ ಶುಕ್ರವಾರ ಸಂಜೆ, ನಾನು ಸಬ್ಬತ್ ದೀಪ ಹಚ್ಚುವ ಹೊತ್ತಿಗೆ, ಬಾಗಿಲಾಚೆ ನಿಂಬೆಯ ವಾಸನೆ ಬರುತ್ತದೆ, ಹಿಂದೆಯೇ ಆ ಅಜ್ಜನ ದನಿ.

"ಅವ್ನೇರ್ ಇದ್ದಾನಾ ತಾಯಿ? ಅವನ ಡಬ್ಬಿ ನನ್ನ ಹತ್ರಾನೇ ಉಳ್ಕೊಂಡ್ಬಿಟ್ಟಿದೆ."

"ಇಲ್ಲಪ್ಪ, ತೀರ್ಕೊಂಡ್ರು" ಎನ್ನುತ್ತೇನೆ. ಹೋಗುತ್ತಾನೆ.

ಫಲಕದ ಕೆಳಗೆ ಬಾವುಟ ಹಿಡಿದು "ನಾವೆಲ್ಲ ಅವ್ನೇರ್!" ಎಂದು ಕೂಗುವ ತರುಣರನ್ನು ನೀವು ಬಲ್ಲಿರಿ. ಕಳೆದ ಶುಕ್ರವಾರ ನಾನು ಉತ್ತರಿಸುವ ಮೊದಲೇ ಅವರಲ್ಲೊಬ್ಬ ಬೀದಿಯಿಂದ ಹೇಳಿದ: "ನಾನೇ ಅವ್ನೇರ್, ಅಜ್ಜ. ಕೊಡಿ ಇಲ್ಲಿ."

ಬೇಗ ಫಲಕ ಇಳಿಸಿ. ಏಣಿ ನಮ್ಮಲ್ಲೇ ಇದೆ. ಡಬ್ಬಿ ಈಗ ಯಾರ ಮನೆಯಲ್ಲಿದೆಯೋ, ನಾನರಿಯೆ.

ಇಂತು,
ಫೈವಲ್‌ನ ಹೆಂಡತಿ
ತ್ಸಿಪೋರಾ