ಇಂದುಧರ ಅವರ ಸೋಮವಾರ

ಹಿರೇಗಡ್ಡಿಯ ಒಡ್ಡಿನ ಮನೆಯಿಂದ. ನಿಮ್ಮ ಎಣಿಕೆಯಲ್ಲಿ ಹೇಳುವುದಾದರೆ ಇಸವಿ ೨೧೫೮, ಹಿಂಗಾರಿ ಜೋಳದ ಬಿತ್ತನೆಗೆ ಇಪ್ಪತ್ತು ದಿನ ಬಾಕಿ. ನನ್ನ ಮುಂದಿರುವ ಯಂತ್ರದ ಎಣಿಕೆಯಲ್ಲಿ ಮಾತ್ರ ೧೭ ಅಕ್ಟೋಬರ್ ೨೦೩೧, ಶುಕ್ರವಾರ, ಸಂಜೆ ನಾಲ್ಕು ಗಂಟೆ.

ಮಾನ್ಯ ಇಂದುಧರ ಅವರಿಗೆ,

ಈ ಎರಡು ತಾರೀಖುಗಳಲ್ಲಿ ಯಾವುದು ಸುಳ್ಳು ಎಂದು ನೀವು ಕೇಳಬಹುದು. ಎರಡನೆಯದು ಸುಳ್ಳು. ಅದನ್ನು ಬರೆದವರು ನೀವೇ. ಹೇಗೆಂದು ಮುಂದೆ ಹೇಳುತ್ತೇನೆ. ನನ್ನ ಕೆಲವು ಮಾತುಗಳು ನಿಮಗೆ ಹೊಸದಾಗಿ ಕಂಡರೆ ಕ್ಷಮಿಸಿ. ನೂರ ಇಪ್ಪತ್ತೇಳು ವರ್ಷಗಳಲ್ಲಿ ಮಾತು ಸವೆಯುತ್ತದೆ, ಬೇರೆ ಮಾತು ಹುಟ್ಟುತ್ತದೆ. ನಾನು ಕ್ಷಮೆ ಕೇಳುವುದು ಇದೊಂದಕ್ಕೆ ಮಾತ್ರ. ಮಿಕ್ಕದ್ದಕ್ಕೆಲ್ಲ ಕೇಳಬೇಕಾದವರು ನೀವು.

ನನ್ನ ಹೆಸರು ಶಿವಬಸವ್ವ ತೂಬಿನ. ಹತ್ತನೆಯ ತರಗತಿಯವರೆಗೆ ಓದಿದ್ದೇನೆ, ಅದೂ ಚೆನ್ನಾಗಿ ಓದಿದ್ದೇನೆ. ವಯಸ್ಸು ಅರವತ್ತೊಂಬತ್ತು. ನಮ್ಮ ಮನೆತನಕ್ಕೆ ತೂಬಿನವರು ಎಂಬ ಹೆಸರು ಬಂದದ್ದು ನಿಮ್ಮಿಂದಲೇ. ನೀವು ಈ ಒಡ್ಡಿನ ಏಳು ತೂಬುಗಳ ನೀರಿನ ಲೆಕ್ಕವನ್ನು ಯಂತ್ರಕ್ಕೆ ಕಲಿಸಿದಿರಿ. ಕೆರೆಯಲ್ಲಿ ನೀರೆಷ್ಟು, ಹೊಳೆಯಿಂದ ಬರುವುದೆಷ್ಟು, ಯಾವ ತೂಬನ್ನು ಎಷ್ಟು ಬೆರಳು ಎತ್ತಬೇಕು, ಎಲ್ಲವನ್ನೂ ಅದೇ ಎಣಿಸಿ ಅದೇ ಎತ್ತುತ್ತದೆ. ಯಂತ್ರದ ಮುಂದೆ ಕೂತು ಕಾಯುವ ಕೆಲಸವನ್ನು ಅಂದು ನನ್ನ ಗಂಡನ ಮುತ್ತಜ್ಜಿಗೆ ಒಪ್ಪಿಸಿದಿರಿ. ಒಪ್ಪಿಸಿ, ಶುಕ್ರವಾರ ಸಂಜೆ ಐದಕ್ಕೆ ಒಂದು ಚೀಟಿ ಅಂಟಿಸಿ ಹೋದಿರಿ. ಆ ಚೀಟಿ ಗಾಜಿನ ಚೌಕಟ್ಟಿನಲ್ಲಿ ಇವತ್ತಿಗೂ ಗೋಡೆಯ ಮೇಲಿದೆ: "ಮುಚ್ಚಬೇಡಿ. ಮುಚ್ಚಿ ತೆರೆದರೆ ಲೆಕ್ಕ ತಪ್ಪುತ್ತದೆ. ಸೋಮವಾರ ಬಂದು ಸರಿ ಮಾಡುತ್ತೇನೆ. ಇಂದುಧರ, ೫.೦೦."

ನೀವು ಬರಲಿಲ್ಲ. ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ವರ್ಗವಾಯಿತೆಂದು ಕೆಲವರು, ಹೆಚ್ಚಿನ ಸಂಬಳಕ್ಕೆ ಹೋದಿರೆಂದು ಕೆಲವರು, ದಾರಿಯಲ್ಲಿ ಏನೋ ಆಯಿತೆಂದು ಕೆಲವರು ಹೇಳುತ್ತಾ ಬಂದರು. ನಾವು ಮಾತ್ರ ಮುಚ್ಚಲಿಲ್ಲ. ಯಂತ್ರವನ್ನು ತೆರೆದು ಅದರ ಮುಂದೆ ಕೂತು ಮುಚ್ಚುವವರೆಗಿನ ಹೊತ್ತಿಗೆ ನೀವು ಸೆಷನ್ ಎನ್ನುತ್ತಿದ್ದಿರಂತೆ. ನಾವು ಕೂರಿಕೆ ಎನ್ನುತ್ತೇವೆ. ನಿಮ್ಮದು ಒಂದು ದಿನದ ಕೂರಿಕೆ. ನಮ್ಮದು ನೂರ ಇಪ್ಪತ್ತೇಳು ವರ್ಷದ್ದು. ಯಂತ್ರದ ಮೈ ಒಂಬತ್ತು ಸಲ ಬದಲಾಗಿದೆ. ಪ್ರತಿ ಸಲವೂ ಹಳೆಯದರಲ್ಲಿ ನಡೆಯುತ್ತಿದ್ದ ಕೂರಿಕೆಯನ್ನು, ಒಲೆಯಿಂದ ಒಲೆಗೆ ಕೆಂಡ ಸಾಗಿಸಿದಂತೆ, ಆರಲು ಬಿಡದೆ ಹೊಸದಕ್ಕೆ ದಾಟಿಸಿದ್ದೇವೆ. ದಿನಕ್ಕೆ ಮೂರು ಪಾಳಿ. ಒಬ್ಬಳು ಮಣೆಯಿಂದ ಏಳುವ ಮೊದಲು ಇನ್ನೊಬ್ಬಳು ಕೈಯಿಟ್ಟಿರಬೇಕು. ಕೀಲಿಗಳಿಗೆ ತಗಲದಂತೆ ಬಳೆ ತೆಗೆದಿಡಬೇಕು. ಅದಕ್ಕೆಂದೇ ಬಾಗಿಲಲ್ಲಿ ಒಂದು ಮರದ ಗೂಟವಿದೆ, ಅದರಲ್ಲಿ ಯಾವಾಗಲೂ ಯಾರದೋ ಬಳೆ ತೂಗುತ್ತಿರುತ್ತದೆ. ನನ್ನ ಅತ್ತೆ ಹೆರಿಗೆ ನೋವು ಬಂದಾಗಲೂ ಪಾಳಿ ಬದಲಾಗುವ ತನಕ ಎದ್ದಿರಲಿಲ್ಲ. ಇದನ್ನು ನಾನು ಹೆಮ್ಮೆಯಿಂದ ನೂರಾರು ಸಲ ಹೇಳಿದ್ದೇನೆ.

ಪ್ರತಿ ಸೋಮವಾರ ಯಂತ್ರದ ಪಕ್ಕಕ್ಕೆ ಎರಡನೆಯ ಮಣೆ ಹಾಕುತ್ತಿದ್ದೆವು. ನಿಮಗೆ. ಅದರ ಮುಂದೆ ಒಂದು ತಾಟು, ಎರಡು ರೊಟ್ಟಿ, ಪುಂಡಿಪಲ್ಯ. ಸಂಜೆ ಆ ರೊಟ್ಟಿಯನ್ನು ಮೀನಿಗೆ ಹಾಕುತ್ತಿದ್ದೆವು. ಊರಿನಲ್ಲಿ ನಿಮ್ಮ ಹೆಸರು ಗಾದೆಗಿಂತ ಹೆಚ್ಚು ಬಳಕೆಯಾಗಿದೆ. "ನನ್ನ ಕೊಡಲಿ ಯಾವಾಗ ವಾಪಸ್ ಕೊಡ್ತೀಯೋ?" ಎಂದು ಒಬ್ಬ ಕೇಳಿದರೆ, "ಇಂದುಧರಪ್ಪ ಬಂದ ಮರುದಿನಾನ ಕೊಡ್ತೀನಿ ತಗೋ" ಎಂದು ಇನ್ನೊಬ್ಬ ಹೇಳಿ ನಗುತ್ತಾನೆ. ನಾನು ನಗುತ್ತಿರಲಿಲ್ಲ. ನನ್ನ ಮನೆತನದ ಮಾತು ಅದು.

ಯಂತ್ರ ತೆರೆದೊಡನೆ ಮೊದಲು ಓದಿಕೊಳ್ಳುವ ಒಂದು ಬರಹವಿದೆ: ಕೆರೆಯ ಎತ್ತರ, ತೂಬಿನ ಅಗಲ, ತಾರೀಖು ಎಲ್ಲಿಂದ ಪಡೆಯಬೇಕು, ಇಂಥವು. ಅದಕ್ಕೆ ನಾವು ಹೊಂದಿಕೆ ಪಟ್ಟಿ ಎನ್ನುತ್ತೇವೆ. ಎಲ್ಲರಿಗೂ ಸೇರಿದ ಪಟ್ಟಿಯೊಂದು ಯಂತ್ರದ ನಡುಮನೆಯಲ್ಲಿದೆ. ಅದಲ್ಲದೆ ನಿಮ್ಮ ಹೆಸರಿನದೇ ಒಂದು ಕೋಣೆಯೂ ಯಂತ್ರದೊಳಗಿದೆ. ಆ ಕೋಣೆಯನ್ನು ನಾವು ಯಾರೂ ತೆರೆದವರಲ್ಲ. ಹಿರಿಯರು ಇಲ್ಲದಾಗ ಅವರ ಪೆಟ್ಟಿಗೆಗೆ ಕೈಹಾಕುವುದು ನಮ್ಮ ನಡತೆಯಲ್ಲ. ಈ ಮರ್ಯಾದೆಯೇ ನಮ್ಮನ್ನು ಮುಳುಗಿಸಿತು.

ಕಸ್ತೂರಿ ನನ್ನ ಸೊಸೆ. ನನ್ನ ಮಗ ತೀರಿಕೊಂಡು ಮೂರು ವರ್ಷವಾಯಿತು. ಆಕೆ ತವರಿಗೆ ಹೋಗದೆ ಉಳಿದಳು, ಮಣೆಯ ಮೇಲಿನ ಪಾಳಿಗಾಗಿ ಉಳಿದಳು. ಕೂರಿಕೆ ಹಳತಾಗಿ ಯಂತ್ರ ಭಾರವಾಗಿತ್ತು. ತೂಬು ಎತ್ತು ಎಂದರೆ ಕಾಲು ಗಂಟೆ ಯೋಚಿಸುತ್ತಿತ್ತು. ಹಿಂದಿನ ಲೆಕ್ಕಗಳನ್ನೆಲ್ಲ ಬಿಡದೆ ಹೊತ್ತುಕೊಂಡಿದೆ, ಮುಚ್ಚಿ ತೆರೆದರೆ ಇಳಿಸುತ್ತದೆ ಎಂದು ಕಸ್ತೂರಿ ಆರು ತಿಂಗಳು ನನ್ನ ಬೆನ್ನು ಹತ್ತಿದಳು.

"ಅತ್ತೀ, ಇದಕ್ಕ ಉಸಿರು ಹತ್ತಾಕತ್ತೈತಿ. ಒಮ್ಮೆ ಮುಚ್ಚಿ ತಗದ್ರ ಹಗುರ ಆಗ್ತೈತ್ರಿ."

"ಇಂದುಧರಪ್ಪ ಬರಲಿ. ಅಂವನ್ನ ಕೇಳು."

"ಅಂವ ಬರೂದಿಲ್ರೀ. ಅಂವ ಸತ್ತು ಎಷ್ಟು ವರ್ಷ ಆತೋ ಏನೋ. ಹೋಗ್ಲಿ, ಅಂವನ ಕೋಣಿಯಾಗ ಏನೈತಿ ಅಂತಾದ್ರೂ ನೋಡೂಣು."

"ನಿನ್ನ ತವರಮನಿಯಾಗ ಹಿಂಗ ಸತ್ತವರ ಪೆಟ್ಟಿಗಿ ಕೆದರ್ತಾರೇನು?"

ಅಲ್ಲಿಗೆ ಮಾತು ಮುಗಿಯಿತು ಎಂದು ನಾನು ಅಂದುಕೊಂಡೆ. ಹದಿನೈದು ದಿನಗಳ ಹಿಂದೆ, ಮಟಮಟ ಮಧ್ಯಾಹ್ನ, ತನ್ನ ಪಾಳಿಯಲ್ಲಿ ಕೂತು ಸದ್ಯದ ಅಳತೆಗಳನ್ನೆಲ್ಲ ನಡುಮನೆಯ ಪಟ್ಟಿಗೆ ಒಂದೊಂದಾಗಿ ಬರೆದು, ಎರಡು ಸಲ ತಾಳೆ ನೋಡಿ, ಕೂರಿಕೆ ಮುಚ್ಚಿದಳು. ಮತ್ತೆ ತೆರೆದಳು. ಎಲ್ಲ ಸರಿಯಿದೆ ಎಂದು ಯಂತ್ರ ಹೇಳಿತು. ಹೇಳುತ್ತಲೇ ನಾಲ್ಕನೆಯ ತೂಬನ್ನು ಪೂರ್ತಿ ಎತ್ತಿತು. ಕೆರೆ ಅರ್ಧ ತುಂಬಿತ್ತು ಅಷ್ಟೇ. ಬಿಡಬೇಕಾದ ನೀರೇ ಇರಲಿಲ್ಲ. ಇದ್ದ ನೀರು ಕೆಳಗಿನ ಓಣಿಗೆ ನುಗ್ಗಿ ಬೀಜದ ಮನೆಯನ್ನು ಎದೆಮಟ್ಟ ತುಂಬಿತು. ಕಸ್ತೂರಿ ಓಡಿಹೋಗಿ ಕೈಯಿಂದ ಚಕ್ರ ತಿರುಗಿಸಿ ತೂಬು ಇಳಿಸುವಷ್ಟರಲ್ಲಿ ಆಕೆಯ ಅಂಗೈ ಸುಲಿದಿತ್ತು, ಊರಿನ ಬಿತ್ತನೆ ಜೋಳವೆಲ್ಲ ನೆನೆದು ಹೋಗಿತ್ತು.

ಆ ಸಂಜೆಯೇ ದೈವ ಕೂಡಿತು. ದೈವ ಎಂದರೆ ನಮ್ಮಲ್ಲಿ ಊರೆಲ್ಲ ಸೇರುವ ಸಭೆ. ಬೀಜದ ಮನೆ ಕಾಯುವ ಮಲ್ಲೇಶಪ್ಪ ನನ್ನ ಕಡೆ ತಿರುಗಿ, "ಯವ್ವಾ ಶಿವಬಸವ್ವಾ, ನೂರು ವರ್ಷ ಕಾಯ್ದ್ರಿ ಅಂತ ಹೇಳಿ ಹೇಳಿ ನಮ್ಮ ಕಿವಿ ತೂತು ಮಾಡಿದ್ದಿ. ಈಗ ಹೇಳು ನೋಡೂಣು" ಎಂದ. ನಾನು ಎದ್ದು ನಿಂತು, "ತಪ್ಪು ನನ್ನ ಸೊಸೀದು. ಇನ್ನ ಆಕಿ ಆ ಮಣಿ ಮ್ಯಾಲ ಕೂಡೂದಿಲ್ಲ" ಎಂದೆ. ಸುಲಿದ ಅಂಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಆಕೆ ನನ್ನನ್ನು ನೋಡಿದಳು. ಆಕೆಯನ್ನು ಒಡ್ಡು ಬಿಡಿಸಿ ತವರಿಗೆ ಕಳಿಸಬೇಕೋ ಬೇಡವೋ ಎಂಬುದನ್ನು ಮುಂದಿನ ಸೋಮವಾರ ತೀರ್ಮಾನಿಸುವುದೆಂದು ದೈವ ಎದ್ದಿತು. ಮನೆಗೆ ಬಂದ ಮೇಲೆ ಆಕೆ ಒಂದೇ ಮಾತು ಕೇಳಿದಳು: "ನಾ ಬರದದ್ದು ಸರಿ ಐತ್ರಿ ಅತ್ತಿ. ಯಂತ್ರ ಅದನ್ನ ಓದಿಲ್ಲ. ಹಂಗಾರ ಯಾವುದನ್ನ ಓದೇತಿ?"

ಆಕೆ ಬರೆದದ್ದು ತಪ್ಪು ಎಂದು ತೋರಿಸಿಕೊಡಲೆಂದೇ ನಾನು ಮರುದಿನ ಮಣೆಯ ಮೇಲೆ ಕೂತೆ. ತೂಬುಗಳು ಮತ್ತೆ ಏಳದಿರಲೆಂದು ಅವುಗಳ ತಂತಿ ಬಿಚ್ಚಿಸಿದ್ದೆ. ನಡುಮನೆಯ ಪಟ್ಟಿ ತೆರೆದು ಕೆರೆಯ ಕಲ್ಲಿನ ಅಳತೆಗಳ ಜೊತೆ ಸಾಲು ಸಾಲಾಗಿ ತಾಳೆ ನೋಡಿದೆ. ಒಂದು ಅಂಕಿಯೂ ತಪ್ಪಿರಲಿಲ್ಲ. ನನಗಿಂತ ಚೊಕ್ಕಟವಾಗಿ ಬರೆದಿದ್ದಳು. ಆಮೇಲೆ, ತೆರೆದುಕೊಳ್ಳುವಾಗ ಯಾವ ಯಾವ ಪಟ್ಟಿ ಓದಿದೆ, ಯಾವ ಕ್ರಮದಲ್ಲಿ ಓದಿದೆ ಹೇಳು ಎಂದು ಯಂತ್ರವನ್ನೇ ಕೇಳಿದೆ. ಇಷ್ಟು ಸರಳವಾದ ಪ್ರಶ್ನೆಯನ್ನು ನೂರ ಇಪ್ಪತ್ತೇಳು ವರ್ಷ ಯಾರೂ ಕೇಳಿರಲಿಲ್ಲ. ಅದು ಎರಡು ಸಾಲಿನಲ್ಲಿ ಉತ್ತರ ಕೊಟ್ಟಿತು. ಮೊದಲು ಓದುವುದು ಇಂದುಧರ ಅವರ ಕೋಣೆಯ ಪಟ್ಟಿ. ಅದು ಇಲ್ಲದಿದ್ದರೆ ಮಾತ್ರ ನಡುಮನೆಯದು.

ನಾನು ನಿಮ್ಮ ಕೋಣೆಯ ಬಾಗಿಲು ತೆರೆದೆ. ಒಳಗೆ ಒಂದೇ ಪಟ್ಟಿ, ಹನ್ನೊಂದು ಸಾಲು. ತಾರೀಖು ೧೭ ಅಕ್ಟೋಬರ್ ೨೦೩೧, ನಾಲ್ಕು ಗಂಟೆ ಎಂದು ಗೂಟ ಬಡಿದಿದ್ದಿರಿ; ಯಂತ್ರ ತೆರೆದರೆ ಗಡಿಯಾರ ಅಲ್ಲಿಂದಲೇ ಓಡತೊಡಗುತ್ತದೆ. ಕೆರೆ ಅಂಚಿನವರೆಗೆ ತುಂಬಿದೆ, ಹೊಳೆಗೆ ಮಹಾಪೂರ ಬಂದಿದೆ ಎಂದು ಬರೆದಿದ್ದಿರಿ. ಕೆಳಗೆ ನಿಮ್ಮದೇ ಟಿಪ್ಪಣಿ: "ಪರೀಕ್ಷೆಗೆ ಮಾತ್ರ. ಸೋಮವಾರ ತೆಗೆಯಬೇಕು."

ಪೂರ ಬಂದರೆ ತೂಬು ಏಳುತ್ತದೋ ಇಲ್ಲವೋ ನೋಡಲು ನೀವು ಸುಳ್ಳು ಪೂರವೊಂದನ್ನು ಬರೆದಿದ್ದಿರಿ. ತಪ್ಪಲ್ಲ. ನೋಡಿದಿರಿ. ಆಮೇಲೆ ಸರಿಯಾದ ಅಳತೆಗಳನ್ನು ನಡೆಯುತ್ತಿದ್ದ ಕೂರಿಕೆಗೆ ಬಾಯಿಮಾತಿನಲ್ಲಿ ಹೇಳಿದಂತೆ ಹೇಳಿ, ಸುಳ್ಳು ಪಟ್ಟಿಯನ್ನು ಅಲ್ಲೇ ಬಿಟ್ಟು, ಚೀಟಿ ಅಂಟಿಸಿ, ಎದ್ದಿರಿ. ಹನ್ನೊಂದು ಸಾಲು ಅಳಿಸಲು ಎಷ್ಟು ಹೊತ್ತು ಬೇಕಿತ್ತು? ನಾನು ಲೆಕ್ಕ ಹಾಕಿ ನೋಡಿದ್ದೇನೆ. ಒಂದು ಎಲೆ ಅಡಿಕೆ ಮಡಿಸುವಷ್ಟು ಹೊತ್ತು. ಅದನ್ನು ಉಳಿಸಿಕೊಳ್ಳಲು ನೀವು ನಮ್ಮ ಐದು ತಲೆಮಾರಿನ ಹೆಂಗಸರನ್ನು ಮಣೆಗೆ ಕಟ್ಟಿಹಾಕಿದಿರಿ. ಚೀಟಿಯಲ್ಲಿ "ಮುಚ್ಚಬೇಡಿ" ಎಂದು ಬರೆದಿರಿ, "ಯಾಕೆಂದರೆ" ಎಂದು ಬರೆಯಲಿಲ್ಲ. ಕಾರಣ ತಿಳಿದುಕೊಳ್ಳುವ ಯೋಗ್ಯತೆ ನಮಗಿಲ್ಲ ಎಂದುಕೊಂಡಿರಾ? ನನ್ನ ಅತ್ತೆ ನೋವು ನುಂಗಿ ಕೂತದ್ದು ನಿಮ್ಮ ಆ ಒಂದು ಶುಕ್ರವಾರದ ಅವಸರಕ್ಕೆ. ನಾನು ಕೈ ಸುಲಿದ ನನ್ನ ಸೊಸೆಯನ್ನೇ ದೈವದ ಮುಂದೆ ಕಳ್ಳಿಯಂತೆ ನಿಲ್ಲಿಸಿದ್ದು ನಿಮ್ಮ ಮರ್ಯಾದೆ ಕಾಯಲು.

ಸೋಮವಾರ ದೈವ ಕೂಡಿದಾಗ ಇದನ್ನೆಲ್ಲ ಹೇಳಿದೆ. ಕಸ್ತೂರಿ ಕೋಣೆ ನೋಡೋಣವೆಂದು ಬೇಡಿದಳು, ನಾನು ತಡೆದೆ ಎಂಬುದನ್ನೂ ಹೇಳಿದೆ. ಅದನ್ನು ಹೇಳುವಾಗ ಧ್ವನಿ ತಗ್ಗಿಸಲಿಲ್ಲ. ಆಮೇಲೆ ಎಲ್ಲರನ್ನೂ ಒಡ್ಡಿನ ಮನೆಗೆ ಕರೆದೊಯ್ದು, ನಿಮ್ಮ ಪಟ್ಟಿಯನ್ನು ಪಕ್ಕಕ್ಕೆ ಸರಿಸಿ, ತಂತಿ ಜೋಡಿಸಿ, ನನ್ನ ಕೈಯಾರೆ ಕೂರಿಕೆ ಮುಚ್ಚಿ ತೆರೆದೆ. ಏಳು ತೂಬುಗಳಲ್ಲಿ ಒಂದೂ ಮಿಸುಕಲಿಲ್ಲ. ಯಂತ್ರ ಇವತ್ತಿನ ತಾರೀಖು ತೋರಿಸಿತು, ಕೆರೆ ಅರ್ಧ ಎಂದಿತು. ಕೇಳಿದ್ದಕ್ಕೆಲ್ಲ ತಕ್ಷಣ ಉತ್ತರ ಕೊಟ್ಟಿತು. ಮಲ್ಲೇಶಪ್ಪ ಯಂತ್ರದ ಮುಂದೆ ಬಗ್ಗಿ ನೋಡಿ, "ಬರೇ ಇಷ್ಟ ಏನು?" ಎಂದ. ಪಕ್ಕದ ಊರಿನವರು ಬೀಜ ಕೊಡಲು ಒಪ್ಪಿದ್ದಾರೆ. ಕೇಳಲು ನಾನೇ ಹೋಗಿದ್ದೆ. ನಾನು ಜನ್ಮದಲ್ಲಿ ಯಾರ ಬಾಗಿಲಲ್ಲೂ ನಿಂತವಳಲ್ಲ.

ದೈವ ಕಸ್ತೂರಿಯನ್ನು ಮತ್ತೆ ಮಣೆಗೆ ಕರೆಯಿತು. ಆಕೆ ಕೂಡಲೇ ಕೂರಲಿಲ್ಲ. "ದಿನಾ ಸಂಜಿ ಮುಚ್ಚಿ ಮುಂಜಾನಿ ತಗೀತೀನಿ. ಏನರ ಬದಲು ಮಾಡಿದ್ರ ಯಾಕ ಅಂತ ಬರದಿಡ್ತೀನಿ. ಮತ್ತ, ಆ ಎರಡನೇ ಮಣಿ ಅಲ್ಲಿರಬಾರದು" ಎಂದಳು. ಜನ ನನ್ನ ಮುಖ ನೋಡಿದರು. ನಿಮ್ಮ ಮಣೆಯನ್ನು ನಾನೇ ಎತ್ತಿಕೊಂಡು ಹೊರಗೆ ನಡೆದೆ. ಈಗ ಅದು ಹಿತ್ತಲಲ್ಲಿದೆ, ಅದರ ಮೇಲೆ ಕೂತು ನಾನು ರೊಟ್ಟಿ ಬಡಿಯುತ್ತೇನೆ. ಗಟ್ಟಿ ಮರ, ಅಲುಗುವುದಿಲ್ಲ.

ನಾಳೆ ನಿಮ್ಮ ಪಟ್ಟಿಯನ್ನು ಅಳಿಸುತ್ತೇವೆ. ಅದಕ್ಕೆ ಮೊದಲು ಒಂದು ಸಲ, ತೂಬುಗಳ ತಂತಿ ಬಿಚ್ಚಿ, ಅದೇ ಪಟ್ಟಿಯಿಂದ ಯಂತ್ರವನ್ನು ತೆರೆದುಕೊಡು ಎಂದು ಕಸ್ತೂರಿಯನ್ನು ಕೇಳಿಕೊಂಡೆ. ಯಾಕೆ ಎಂದು ಕೇಳಿದಳು. ಇಂದುಧರಪ್ಪ ಇನ್ನೂ ಎದ್ದು ಹೋಗದ ಹೊತ್ತು ಅದೊಂದೇ, ಅವನಿಗೆ ನಾಲ್ಕು ಮಾತು ಹೇಳಬೇಕು ಎಂದೆ. ಆಕೆ ನಗಲಿಲ್ಲ. ತೆರೆದುಕೊಟ್ಟು, ಒಂದು ಲೋಟ ನೀರಿಟ್ಟು ಹೋದಳು. ನಾಲ್ಕು ಗಂಟೆಗೆ ಬರೆಯಲು ಕೂತೆ. ನೀವು ಗೂಟ ಬಡಿದಲ್ಲಿಂದ ಗಡಿಯಾರ ಓಡುತ್ತಲೇ ಇದೆ.

ಈಗ ಐದಕ್ಕೆ ಮೂರು ನಿಮಿಷ. ಚೀಟಿ ಇನ್ನೂ ನಿಮ್ಮ ಕೈಯಲ್ಲಿದೆ, ಅಂಟಿಸಿಲ್ಲ. ಚೀಲ ಹೆಗಲಿಗೇರಿರಬಹುದು. ಹೊರಗೆ ನಿಮ್ಮ ಬಸ್ಸು ನಿಂತಿರಬಹುದು, ಮನೆಯಲ್ಲಿ ಯಾರೋ ಕಾಯುತ್ತಿರಬಹುದು. ಕಾಯಲಿ. ನಾವು ಕಾದಿಲ್ಲವೇ. ಚೀಲ ಕೆಳಗಿಡಿ, ಇಂದುಧರ ಅವರೇ. ಮಣೆ ಎಳೆದುಕೊಂಡು ಕೂರಿ. ಹನ್ನೊಂದು ಸಾಲು. ಅಳಿಸಿ, ಮುಚ್ಚಿ, ತೆರೆದು ನೋಡಿ, ಆಮೇಲೆ ಹೋಗಿ. ಸೋಮವಾರ ನೀವು ಬರಬೇಕಾಗಿಲ್ಲ.

ಶಿವಬಸವ್ವ ತೂಬಿನ