ಗೇಟಿನ ಮೇಲೆ ಬರೆಸಿದ್ದು

ಫೆಬ್ರವರಿ 9, ಬೆಳಿಗ್ಗೆ
‘ಕಲ್ಲು ಎಲ್ಲವನ್ನೂ ನೆನಪಿಡುತ್ತದೆ’ — ಹೀಗೇ ಇತ್ತೇ ಆ ಸಾಲು? ಎಂ.ಎ. ಓದುವಾಗ ಎಲ್ಲೋ ಕಂಡದ್ದು. ನೆನಪಿಟ್ಟು ಏನು ಮಾಡುತ್ತದೆ? ಯಾರಿಗೆ ಹೇಳುತ್ತದೆ?
ಅಣ್ಣ ಆಗಲೇ ಶೆಡ್ಡಿಗೆ ಹೋದ. ನಿನ್ನೆ ಅಚ್ಚಿನಿಂದ ತೆಗೆದ ಕಾಂಕ್ರೀಟ್ ಬ್ಲಾಕುಗಳಿಗೆ ನೀರು ಹಾಕಬೇಕು. ನಾನೂ ಹೊರಡಬೇಕು. ಅದೇ ಶೆಡ್ಡಿನ ಮೂಲೆಯ ಮೇಜು ನನ್ನ ಆಫೀಸು.
ಸರ್ಕಾರದ ಅನುದಾನ ಮಂಜೂರಾಗಿದೆ. ಒಂದು ಬ್ಲಾಕ್ ತಯಾರಾಗುವಷ್ಟರಲ್ಲಿ ಗಾಳಿಗೆ ಎಷ್ಟು ಹೊಗೆ ಸೇರುತ್ತದೆ ಎಂದು ಅಳೆಸಿ, ಎಲ್ಲರಿಗೂ ತಿಳಿಯುವಂತೆ ಹೇಳಿಕೊಳ್ಳಬೇಕು. ಅಳೆಸುವ ಖರ್ಚು ಅವರದು. ಹೇಳಿಕೊಳ್ಳುವ ಧೈರ್ಯ ನಮ್ಮದು.

ಫೆಬ್ರವರಿ 21
ಅಳೆಯಲು ಬಂದ ಎಂಜಿನಿಯರ್ ಹುಡುಗಿ ಎಲ್ಲ ಕೇಳಿದಳು — ಸಿಮೆಂಟು, ಡೀಸೆಲ್, ಕರೆಂಟು, ಲಾರಿ ಓಡಿದ ದೂರ.
“ಹೊಗೆನ ತಕ್ಕಡೀಲಿ ಹೇಗಮ್ಮ ತೂಗ್ತೀರಾ?” ಎಂದ ಅಣ್ಣ.
“ನೀವು ಸುಳ್ಳು ಹೇಳ್ದೆ ಇದ್ರೆ ತೂಗಬಹುದು ಸರ್.”
ಅಣ್ಣ ಬಿದ್ದು ಬಿದ್ದು ನಕ್ಕ. ಅತ್ತಿಗೆ ತೀರಿಕೊಂಡ ಮೇಲೆ ಅವನು ಹಾಗೆ ನಕ್ಕದ್ದು ಇದೇ ಮೊದಲು.

ಮಾರ್ಚ್ 30
ವರದಿ ಬಂತು. ಬ್ಲಾಕಿಗೆ ಎರಡು ಕಿಲೋ ಹೊಗೆ. ಹೆಚ್ಚಿನ ಪಾಲು ಸಿಮೆಂಟಿನದೇ. ಯಾರು ಮಾಡಿದರೂ ಹೆಚ್ಚುಕಡಿಮೆ ಇಷ್ಟೇ ಆಗುತ್ತದಂತೆ. ವೆಬ್‌ಸೈಟಿನಲ್ಲಿ ಹಾಕಿದರೆ ಸಾಕಿತ್ತು.
“ಅಲ್ಲಿ ಯಾರು ನೋಡ್ತಾರೆ ಅಣ್ಣ? ಗೇಟಿನ ಮೇಲೇ ಬರೆಸೋಣ,” ಅಂದವಳು ನಾನು.
“ಓದಿದವಳು ನೀನು ಪುಟ್ಟಿ. ಸರಿ ಅನ್ಸಿದ್ರೆ ಬರ್ಸು.”
ಬೋರ್ಡಿನ ಒಕ್ಕಣೆ ನನ್ನದೇ: ‘ನಮ್ಮ ಒಂದು ಬ್ಲಾಕಿಗೆ ಎರಡು ಕಿಲೋ ಹೊಗೆ. ನಾವು ಮುಚ್ಚಿಡುವುದಿಲ್ಲ.’ ಚೆನ್ನಾಗಿದೆ ಅನಿಸಿ ಮತ್ತೆ ಮತ್ತೆ ಓದಿಕೊಂಡೆ.

ಏಪ್ರಿಲ್ 12
ಅನುದಾನ ಕೊಟ್ಟ ಇಲಾಖೆಯ ಅಧಿಕಾರಿ ಬಂದು ಕೈ ಕುಲುಕಿದರು. “ಈ ಕಡೆ ಹೀಗೆ ಹೇಳ್ಕೊಂಡವ್ರಲ್ಲಿ ನೀವೇ ಮೊದಲು.”
“ಕೊನೆಯವ್ರೂ ನಾವೇ ಆಗ್ದೆ ಇದ್ರೆ ಸಾಕು ಸರ್,” ಎಂದ ಅಣ್ಣ.

ಜೂನ್ 18
ಬರೆಯಲು ಮನಸ್ಸೇ ಬಂದಿರಲಿಲ್ಲ. ಆರ್ಡರ್ ಇಲ್ಲ. ನಮ್ಮಲ್ಲೇ ಬ್ಲಾಕ್ ಕೊಳ್ಳುತ್ತಿದ್ದ ಕಾಂಟ್ರಾಕ್ಟರ್ ಫೋನ್ ಮಾಡಿದ್ದರು: “ಮೇಡಂ, ಮನೆ ಕಟ್ಸೋರು ಬೋರ್ಡ್ ಓದಿ ಹೆದರ್ಕೋತಾರೆ. ಇಳಿಸ್ಬಿಡಿ.”
ಅಣ್ಣನಿಗೆ ಹೇಳಿದೆ.
“ಬರೆದಿದ್ದು ಸುಳ್ಳಾ?”
“ಅಲ್ಲ.”
“ಮತ್ತೆ? ಇರ್ಲಿ ಬಿಡು.”
ಬೈದಿದ್ದರೆ ಚೆನ್ನಾಗಿತ್ತು. ಕಾಂಕ್ರೀಟ್ ಕಲಸುವ ಮಿಕ್ಸರ್ ನೋಡಿಕೊಳ್ಳುತ್ತಿದ್ದವನು ಬೇರೆ ಕೆಲಸ ಹುಡುಕಿಕೊಂಡ. ಹೋಗುವಾಗ ಯಂತ್ರ ತೊಳೆದಿಟ್ಟು ಹೋದ.

ಜುಲೈ 6
ಎದುರುಮನೆಯಾಕೆ ಮಹಡಿ ಕಟ್ಟಿಸುತ್ತಾಳೆ. “ನಿಮ್ಮ ಬ್ಲಾಕೇ ಅಕ್ಕ, ಇನ್ಯಾರ ಹತ್ರ ಹೋಗ್ಲಿ?” ಅಂದಳು. ಅಣ್ಣ ಮುಂಗಡ ಕೇಳಲಿಲ್ಲ. ತಾನೇ ಮಿಕ್ಸರ್ ಮುಂದೆ ನಿಂತ.
“ಇದೂ ಕೈತಪ್ಪಿದ್ರೆ ಶೆಡ್ ಮಾರೋದೇ ಪುಟ್ಟಿ.” ನನ್ನ ಮುಖ ನೋಡದೆ ಹೇಳಿದ.

ಜುಲೈ 20, ಬೆಳಿಗ್ಗೆ
ಬೀದಿಯಲ್ಲಿ ಲಾರಿ. ನಮ್ಮದಲ್ಲ. ಎದುರುಮನೆ ಮುಂದೆ ಬ್ಲಾಕ್ ಇಳಿಸುತ್ತಿದ್ದಾರೆ… ನಮ್ಮವಕ್ಕಿಂತ ಕೊಂಚ ಬಿಳುಪು.
ಅಣ್ಣ ಬೆಳಕು ಹರಿಯುವ ಮೊದಲೇ ಹೋಗಿದ್ದಾನೆ. ಅವಳ ಗೋಡೆಗೆಂದು ಮಾಡಿಟ್ಟವಕ್ಕೆ ನೀರು ಹಾಕಲು.
ಬಾಗಿಲು ತಟ್ಟಿದ ಸದ್ದು. ಅವಳೇ. ಕರೆದರೂ ಒಳಗೆ ಬರಲಿಲ್ಲ.
“ಬೇಜಾರ್ ಮಾಡ್ಕೋಬೇಡಿ ಅಕ್ಕ. ಮಗೂಗೆ ಮೊದ್ಲೇ ಉಬ್ಬಸ… ಈ ಬ್ಲಾಕ್‌ನವ್ರ ಗೇಟಲ್ಲಿ ಹೊಗೆ ಗಿಗೆ ಅಂತ ಏನೂ ಬರ್ದಿಲ್ಲ…”