ಸೊನ್ನೆ ತಪ್ಪಿನ ಪಟ್ಟಿ

ಮುಂಡಗೋಡ
೧೦-೧೧-೨೦೦೦, ಶುಕ್ರವಾರ

ಪ್ರೀತಿಯ ನಿಮಗೆ,

ಕುಳಗಿ ಕ್ಯಾಂಪಿನಲ್ಲಿ ಚಳಿ ಹೆಚ್ಚೆಂದು ಬರೆದಿದ್ದಿರಿ, ಕೆಮ್ಮು ಕಡಿಮೆಯಾಯಿತೇ? ಸ್ವೆಟರ್ ಟ್ರಂಕಿನ ತಳದಲ್ಲಿದೆ. ಅಷ್ಟು ಆಳಕ್ಕೆ ಕೈಹಾಕುವವರು ನೀವಲ್ಲ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಮಾಯಾ ಚೆನ್ನಾಗಿದ್ದಾಳೆ. ನನಗೆ ಮಾತ್ರ ನಾಲ್ಕು ದಿನದಿಂದ ಜೀವಕ್ಕೆ ಸಮಾಧಾನವಿಲ್ಲ.

ನಾವಿಬ್ಬರೂ ದವಾಖಾನೆಗೆ ಬರೆದುಕೊಟ್ಟ ಕಂಪ್ಯೂಟರ್ ಪ್ರೋಗ್ರಾಮ್ ಯಾವ ಮಗುವಿಗೆ ಯಾವಾಗ ಚುಚ್ಚುಮದ್ದು ಎಂದು ವಾರವಾರ ಪಟ್ಟಿ ಕೊಡುತ್ತದಲ್ಲ, ಅದರಲ್ಲಿ ಪಾಳಾ ಊರಿನ ಹದಿನಾಲ್ಕು ಮಕ್ಕಳ ಎರಡನೆಯ ಚುಚ್ಚುಮದ್ದು ತಪ್ಪಿಹೋಗಿದೆ. ಅದೇ ಊರಿನ ಕಮಲಿಬಾಯಿಯ ಮೊಮ್ಮಗಳು ನಾಯಿಕೆಮ್ಮಿನಿಂದ ವಾರ್ಡಿಗೆ ಬಂದ ಮೇಲೆಯೇ ಗೊತ್ತಾದದ್ದು. ಡಾಕ್ಟರು ಒಬ್ಬೊಬ್ಬ ನರ್ಸಿನ ಹೆಸರಿನ ಮುಂದೆ ತಪ್ಪಿದ ಮಕ್ಕಳನ್ನು ಎಣಿಸಿದರು. ಉಳಿದವರದು ಒಂದೂ ಇಲ್ಲ, ಪಾಳಾ ನೋಡಿಕೊಳ್ಳುವ ಶಿವವ್ವನದು ಹದಿನಾಲ್ಕು. ಸೋಮವಾರ ಅವಳನ್ನು ಕೆಲಸದಿಂದ ತೆಗೆಯುತ್ತಾರೆ. ಮೊನ್ನೆಯೇ ಉಳಿದ ಹದಿಮೂರು ಮಕ್ಕಳನ್ನು ಮನೆಮನೆಗೆ ಹೋಗಿ ಹುಡುಕಿ ಚುಚ್ಚುಮದ್ದು ಹಾಕಿ ಬಂದಳು, ಪಾಪ. ಕೂಸಿನ ಹೆಸರು ಯಾಕೆ ಬರಲಿಲ್ಲ ಎಂದು ಕಮಲಿಬಾಯಿ ಹಿಂದೆಯೇ ಕೇಳಿದ್ದಳಂತೆ. “ಪಟ್ಟಿಯೊಳಗ ಇಲ್ಲಬೇ. ದ್ರಾಕ್ಷಾಯಣಿ ಅಕ್ಕಾರ ಕಂಪ್ಯೂಟರ್ ತಪ್ಪಂಗಿಲ್ಲ” ಅಂದಳಂತೆ ಶಿವವ್ವ. ಅದನ್ನು ಕೇಳಿದ ರಾತ್ರಿಯೇ ಪಟ್ಟಿ ಮತ್ತೆ ತೆಗೆದು ಕೂತೆ.

ಅದೇ ಹದಿನಾಲ್ಕನ್ನು ನಾನು ನರ್ಸಿನ ಹೆಸರು ಬಿಟ್ಟು, ಮೊದಲ ಚುಚ್ಚುಮದ್ದಿನ ತಾರೀಕು ಹಿಡಿದು ಎಣಿಸಿದೆ. ಹದಿನಾಲ್ಕೂ ಆಗಸ್ಟ್ ಮೂವತ್ತೊಂದು, ಪಾಳಾದಲ್ಲಿ ಚುಚ್ಚುಮದ್ದಿನ ಕ್ಯಾಂಪ್ ಇದ್ದ ದಿನ. ಎರಡನೆಯದಕ್ಕೆ ಒಂದು ತಿಂಗಳು ಕೂಡಿಸಿದರೆ ಸೆಪ್ಟೆಂಬರ್ ಮೂವತ್ತೊಂದು. ಅಂಥ ದಿನ ಯಾವ ಕ್ಯಾಲೆಂಡರಿನಲ್ಲಿದೆ? ಮೊದಲೆಲ್ಲ ಬಗೆಹರಿಯದ ತಾರೀಕು ಬಂದರೆ ಪ್ರೋಗ್ರಾಮ್ ನಿಂತುಬಿಡುತ್ತಿತ್ತು. ವಾರಕ್ಕೆಷ್ಟು ಸಲ ನಿಂತಿತೆಂದು ಗೋಡೆಯ ಹಾಳೆಯ ಮೇಲೆ ಗೆರೆ ಎಳೆಯುತ್ತಿದ್ದೆವು. ಸೆಪ್ಟೆಂಬರಿನಿಂದ ಬರೀ ಸೊನ್ನೆ. “ಶಾಣ್ಯಾ ಆತಲ್ಲ ನಮ್ಮ ಪ್ರೋಗ್ರಾಮ್” ಎಂದು ನೀವೂ ಬರೆದಿರಿ, ನಾನೂ ಹಿಗ್ಗಿದೆ. ಆದರೆ ನಿಲ್ಲುವ ಬದಲು ಅದು ಆ ಮಕ್ಕಳನ್ನು ಸುಮ್ಮನೆ ದಾಟಿ ಹೋಗುತ್ತಿತ್ತು. ಹೊರಡುವ ಮುಂಚೆ ನೀವೇನಾದರೂ ತಿದ್ದಿದ್ದಿರಾ, ನೆನಪು ಮಾಡಿಕೊಳ್ಳಿ.

ಅತ್ತೆಯ ಆಶೀರ್ವಾದ, ಮಾಯಾಳ ಮುತ್ತು. ಎಣ್ಣೆ ಕಾಯಿಸಿ ಎದೆಗೆ ಹಚ್ಚಿಕೊಳ್ಳಿ.

ನಿಮ್ಮ
ದ್ರಾಕ್ಷಾಯಣಿ

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ನೀವೇನೂ ನೆನಪು ಮಾಡಿಕೊಳ್ಳುವುದು ಬೇಡ. ಗಣೇಶನ ಹಬ್ಬ ಮುಗಿಸಿ ನೀವು ಹೊರಟ ವಾರ ಹಿರಿಯ ಅಧಿಕಾರಿಗಳು ಪ್ರೋಗ್ರಾಮ್ ನೋಡಲು ಬರುವವರಿದ್ದರು. ಅವರೆದುರು ನಿಲ್ಲದಿರಲಿ ಎಂದು, ತಿಳಿಯದ ತಾರೀಕು ಬಂದರೆ ಬಿಟ್ಟು ಮುಂದೆ ಹೋಗು ಎಂದು ಅದರಲ್ಲಿ ಬರೆದವಳು ನಾನೇ. ಸೋಮವಾರ ಶಿವವ್ವನ ಮುಂದೆಯೇ ಡಾಕ್ಟರಿಗೆ ಹೇಳುತ್ತೇನೆ. ಹೆದರಿಕೆ ಅದಕ್ಕಲ್ಲ. ಮೊಮ್ಮಗಳ ಪಕ್ಕ ಕೂತ ಕಮಲಿಬಾಯಿ ಇವತ್ತು ನನ್ನ ಕೈ ಹಿಡಿದು ಕೇಳಿದಳು: “ಅಕ್ಕಾರ, ನಿಮ್ಮ ಕಂಪ್ಯೂಟರ್ ಒಂದ್ಸಲ ನೋಡಿ ಹೇಳ್ರಿ, ಕೂಸು ಆರಾಮ ಆಗತೈತೇನ?”